ಗುಹೆಯ ಬಾಯಲ್ಲಿ ಹೇಳಿದ ಮಾತು

"ಗುರುಗಳೇ, ನಾನು ಕಲಿಸಿದ್ದು ತಪ್ಪೆಂದು ತಡವಾಗಿ ತಿಳಿಯಿತು. ಅದನ್ನು ಶಿಷ್ಯರ ಮುಂದೆ ಒಪ್ಪಿಕೊಂಡರೆ ಅವರಿಗೆ ನನ್ನ ಮೇಲೆ ಗೌರವ ಉಳಿದೀತೆ?" ಎಂದು ಪಾಠಶಾಲೆ ನಡೆಸುತ್ತಿದ್ದ ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಜಪಾನಿನಲ್ಲಿ ನಿರಸಾವಾ ಎಂಬ ಸೇನಾಪತಿ ಇದ್ದ. ಉಪ್ಪು ತೆಗೆಯುವವರ ಮಗ. ಸೈನಿಕ ಶಾಲೆಯಲ್ಲಿ ಹನ್ನೊಂದು ವರ್ಷ ಪಾಠ ಹೇಳಿದ್ದ. ಶರಣಾಗಿ ಬದುಕುವುದಕ್ಕಿಂತ ಸಾಯುವುದೇ ಲೇಸು ಎಂಬುದು ಆ ಪಾಠದ ಸಾರ. ಅದನ್ನು ಅವನು ಮನಸಾರೆ ನಂಬಿದ್ದ.

ಮಹಾಯುದ್ಧ ಬಂತು. ನಾಲ್ಕು ಸಾವಿರ ಸೈನಿಕರೊಂದಿಗೆ ಅವನನ್ನು ದೂರದ ದ್ವೀಪವೊಂದಕ್ಕೆ ಕಳಿಸಿದರು. ಎರಡನೆಯ ವರ್ಷ ಹಡಗುಗಳು ಬರುವುದು ನಿಂತಿತು. ಸೈನಿಕರು ಗೆಡ್ಡೆ ಅಗೆದು ತಿಂದರು. ಗಾಯಗೊಂಡವರು ಶತ್ರುವಿನ ಕೈಗೆ ಸಿಗಬಾರದೆಂದು ತಾವೇ ಪ್ರಾಣ ಬಿಟ್ಟರು. ಒಬ್ಬ ಸಾಯುವಾಗ ಸೇನಾಪತಿಯ ಪಾಠವನ್ನೇ ಒಪ್ಪಿಸುತ್ತಿದ್ದ. ಅದನ್ನು ಕೇಳಿದ ದಿನ ಸೇನಾಪತಿಗೆ ತನ್ನ ಪಾಠದ ಮೇಲಿನ ನಂಬಿಕೆ ಹೋಯಿತು.

ಕಡೆಗೆ ಶಸ್ತ್ರ ಕೆಳಗಿಡಬೇಕೆಂದು ರಾಜಧಾನಿಯಿಂದ ಆಜ್ಞೆ ಬಂತು. ಅವನು ತನ್ನ ಕತ್ತಿಯನ್ನು ಶತ್ರುಗಳಿಗೆ ಒಪ್ಪಿಸಿದ. ಆದರೆ ವಕುಯಿ ಎಂಬ ಕ್ಯಾಪ್ಟನ್, ಅವನ ಹಳೆಯ ಶಿಷ್ಯ, ಮೂವತ್ತೆಂಟು ಜನರೊಂದಿಗೆ ಬೆಟ್ಟದ ಗುಹೆ ಸೇರಿಕೊಂಡಿದ್ದ. ಮಧ್ಯಾಹ್ನದೊಳಗೆ ಹೊರಗೆ ಬಾರದಿದ್ದರೆ ಗುಹೆಯನ್ನು ಸಿಡಿಸುವುದಾಗಿ ಶತ್ರುಗಳು ಹೇಳಿದರು. ಸೇನಾಪತಿ ಒಬ್ಬನೇ ಬೆಟ್ಟ ಹತ್ತಿದ.

ಗುಹೆಯ ಬಾಯಲ್ಲಿ ವಕುಯಿ ಬಂದೂಕು ಎತ್ತಿ ನಿಂತ. "ಶರಣಾಗುವುದಕ್ಕಿಂತ ಸಾವು ಲೇಸೆಂದು ಕಲಿಸಿದವರು ತಾವು. ಈಗ ಶರಣಾಗು ಎನ್ನಲು ಬಂದಿದ್ದೀರಿ. ಆಗ ಹೇಳಿದ್ದು ಸುಳ್ಳೋ, ಈಗ ಹೇಳುವುದು ಸುಳ್ಳೋ?"

ಆಜ್ಞಾಪತ್ರ ಸೇನಾಪತಿಯ ಜೇಬಿನಲ್ಲೇ ಇತ್ತು. ಅದನ್ನು ತೋರಿಸಿ, ಇದು ಮೇಲಿನವರ ಮಾತು, ನನ್ನದಲ್ಲ ಎನ್ನಬಹುದಿತ್ತು. ಅವನು ಜೇಬಿಗೆ ಕೈ ಹಾಕಲಿಲ್ಲ.

"ಆಗ ಹೇಳಿದ್ದೇ ಸುಳ್ಳು," ಎಂದ. "ಅದನ್ನು ನಂಬಿ ಸತ್ತವರಿಗೆ ಈ ಮಾತು ಹೇಳಲಾರೆ. ನಿನಗೆ ಹೇಳಬಲ್ಲೆ. ಹೊರಗೆ ಬಾ, ವಕುಯಿ."

ವಕುಯಿ ಬಂದೂಕನ್ನು ಎಸೆದು, ಗುರುವಿನ ಕಾಲ ಬಳಿ ಉಗುಳಿ, ಬೆಟ್ಟ ಇಳಿದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಇಳಿದರು. ಯಾರೂ ಸೇನಾಪತಿಗೆ ವಂದಿಸಲಿಲ್ಲ. ಅವನು ಎಲ್ಲರಿಗೂ ದಾರಿ ಬಿಟ್ಟು ಕೊನೆಗೆ ಹೊರಟ.

ನಾಲ್ಕು ವರ್ಷ ಸೆರೆಯಲ್ಲಿದ್ದು ಊರಿಗೆ ಮರಳಿದ. ತಂದೆಯ ಉಪ್ಪಿನ ಆಗರದಲ್ಲಿ ದುಡಿಯುತ್ತ ಮುದುಕನಾಗಿ ತೀರಿಕೊಂಡ. ಅವನ ಅಂತ್ಯಕ್ರಿಯೆಗೆ ಆ ಗುಹೆಯಿಂದ ಇಳಿದವರು ಒಬ್ಬರೂ ಬರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಹಾಗಾದರೆ ಅವರು ಅವನನ್ನು ಕಡೆಯವರೆಗೂ ಗೌರವಿಸಲಿಲ್ಲವೆ?" ಎಂದು ಕೇಳಿದ.

"ಗೌರವಿಸಲಿಲ್ಲ, ಬದುಕಿದರು," ಎಂದರು ಗುರುಗಳು.