ಸೂತಕದ ಮನೆಯ ಕೋವಿ

“ಗುರುಗಳೇ, ಸಾಯಲೇಬೇಕೆಂದು ಹೊರಟವನ ಕೈಯಿಂದ ಕೋವಿ ತೆಗೆದಿಟ್ಟರೆ ಏನು ಬಂತು? ಅವನು ಬೇರೆ ದಾರಿ ಹುಡುಕುವುದಿಲ್ಲವೇ?” ಎಂದು ಶಿಷ್ಯ ಬೆಳ್ಳಿಯಪ್ಪ ಕೇಳಿದ.

ಸಾವಾದ ಮನೆಯವರು ಸೂತಕ ಕಳೆಯುವವರೆಗೆ ತಮ್ಮ ಕೋವಿಯನ್ನು ನೆರೆಮನೆಗೆ ಒಪ್ಪಿಸಬೇಕು. ಅದು ಆ ಬೆಟ್ಟದ ಊರಿನ ಕಟ್ಟಳೆ. ಯಾವ ಶಾಸ್ತ್ರದಲ್ಲೂ ಇಲ್ಲದ ಈ ಕಟ್ಟಳೆಯನ್ನು ತೆಗೆದುಹಾಕಿ ಎಂದು ಊರಕೂಟದಲ್ಲಿ ವಾದಿಸಲು ಬೆಳ್ಳಿಯಪ್ಪ ಸಿದ್ಧನಾಗಿದ್ದ. ಮಾತಿನಲ್ಲಿ ಅವನನ್ನು ಗೆಲ್ಲುವವರು ಊರಿನಲ್ಲಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹೆಂಡತಿ ತೀರಿಕೊಂಡಳು. ಸಾವಿನ ಸುದ್ದಿ ಬೆಟ್ಟದಾಚೆಗೂ ತಿಳಿಯಲೆಂದು ಎರಡು ಗುಂಡು ಹಾರಿಸುವುದು ಅಲ್ಲಿಯ ರೂಢಿ. ರೈತನೇ ಅಂಗಳದಲ್ಲಿ ನಿಂತು ಹಾರಿಸಿದ. ಬಂದವರೆಲ್ಲ ಹೋದ ಮೇಲೂ ಅವನು ಕೋವಿಯನ್ನು ಗೂಟಕ್ಕೆ ಹಾಕಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕುಳಿತ. ನೆರೆಮನೆಯ ಮುದುಕಿ ಅದನ್ನು ಕಂಡಳು. “ಹಂದಿ ನನ್ನ ಗೆಣಸಿನ ಹೊಲವನ್ನೆಲ್ಲ ಅಗೆದುಹಾಕಿದೆ, ಕೋವಿ ಕೊಡು” ಎಂದಳು. ಹಂದಿ ಓಡಿಸಲು ಕೇಳಿದವರಿಗೆ ಕೋವಿ ಇಲ್ಲವೆನ್ನುವಂತಿಲ್ಲ. ರೈತ ಕೊಟ್ಟ.

ಮರುದಿನ ಬೆಳಗಾಗುವ ಮೊದಲೇ ಅವನು ಅವಳ ಬಾಗಿಲಲ್ಲಿ ನಿಂತಿದ್ದ.

“ಅಜ್ಜೀ, ನನ್ನ ಕೋವಿ.”

ಅವನ ಮುಖ ನೋಡಿದ ಮುದುಕಿ ಬಾಗಿಲಿಗೆ ಅಡ್ಡ ನಿಂತಳು. “ಸೂತಕದವರು ಕೋವಿ ಮುಟ್ಟಬಾರದು, ಮಗನೇ” ಎಂದಳು.

“ಯಾರು ಹೇಳಿದ್ದು? ನಿನ್ನೆ ಗುಂಡು ಹಾರಿಸಿದವನು ನಾನೇ.”

“ಅದಕ್ಕೇ ನನ್ನ ಗುರಿ ತಪ್ಪಿ ಹಂದಿ ಓಡಿಹೋಯಿತು. ನಿನ್ನಪ್ಪನೂ ಹೀಗೆಯೇ, ಹಿರಿಯರ ಮಾತನ್ನು ಕಿವಿಗೆ ಹಾಕಿಕೊಂಡವನಲ್ಲ.”

ಅಂಥ ನಿಯಮವೇ ಇರಲಿಲ್ಲ. ಅವಳು ಹೊಸ್ತಿಲ ಮೇಲೆ ನಿಂತೇ ಅದನ್ನು ಹುಟ್ಟಿಸಿದ್ದಳು. ಆದರೆ ಹಿರಿಯರ ಹೆಸರು ಬಂದ ಮೇಲೆ ರೈತ ಹೊಸ್ತಿಲು ದಾಟಲಾರದೆ ಹೋದ. ಅವಳ ವಂಶವನ್ನೆಲ್ಲ ಬೈದು ಹಿಂದಿರುಗಿದ. ಮತ್ತೆ ಬಂದ, ಮತ್ತೆ ಬೈದ. ಮುದುಕಿ ಗಂಜಿ ಬಡಿಸಿ, “ಉಂಡು ಬೈಯಿ, ದನಿ ಏಳುತ್ತಿಲ್ಲ” ಎಂದಳು. ಅವನು ಉಂಡ. ಬೈಯಲು ಬಾಯಿ ತೆರೆದವನು ಅತ್ತುಬಿಟ್ಟ. ಮುದುಕಿ ಪಕ್ಕದಲ್ಲೇ ಕುಳಿತಳು, ಅವನು ಹೆಂಡತಿಯ ಮಾತು ತೆಗೆದಾಗಲೆಲ್ಲ ಕೇಳಿಸಿಕೊಂಡಳು.

ಸೂತಕ ಕಳೆಯಿತು. ಇನ್ನು ಹೇಳಲು ಅವಳ ಬಳಿ ಸುಳ್ಳು ಉಳಿದಿರಲಿಲ್ಲ. “ಕೋವಿ ಒಯ್ಯುತ್ತೀಯಾ?” ಎಂದು ಕೇಳಿದಳು.

“ಇಲ್ಲೇ ಇರಲಿ. ಹಂದಿ ಬಂದರೆ ಕೂಗು, ಇಬ್ಬರೂ ತಮಟೆ ಬಡಿಯೋಣ. ನಿನ್ನ ಗುರಿಯನ್ನು ನಂಬಿದರೆ ಗೆಣಸು ಉಳಿಯುವುದಿಲ್ಲ” ಎಂದ ರೈತ.

ಕತೆ ಮುಗಿಯಿತು. ಬೆಳ್ಳಿಯಪ್ಪ ನಕ್ಕ. “ಹಾಗಾದರೆ ಇದು ಒಬ್ಬ ಮುದುಕಿಯ ಸುಳ್ಳು! ಗುರುಗಳೇ, ಅವನಿಗೆ ನಿಜವಾಗಿಯೂ ಸಾಯಬೇಕೆಂದಿದ್ದರೆ ಅಷ್ಟರಲ್ಲಿ ಇನ್ನೊಂದು ದಾರಿ ಹಿಡಿಯುತ್ತಿದ್ದ.”

ಗುರುಗಳು ಹೇಳಿದರು: “ನಾಳೆ ಆ ರೈತನ ಮೊಮ್ಮಗಳ ಮದುವೆ, ಅವನು ಬಡಿಸುತ್ತ ನಿನ್ನ ಎಲೆಯ ಮುಂದೆ ಬಂದಾಗ ಈ ಮಾತನ್ನು ಅವನಿಗೇ ಹೇಳು.”