ನನ್ನ ಹೆಸರು ಹೇಳಬೇಡ

ಗುರುಮಲ್ಲಪ್ಪ ಸ್ವಾಮಿಗಳಿಗೆ ಅಡ್ಡಬಿದ್ದು ಕೇಳಿದ: "ಬುದ್ಧಿ, ನಾವು ಐದು ಜನ ಸೇರಿ ಕುರುಡು ಮಕ್ಕಳ ಶಾಲೆ ನಡೆಸುತ್ತಿದ್ದೇವೆ. ನಮಗೆ ಸಂಬಳವಿಲ್ಲ, ಸೇವೆ ಅಷ್ಟೆ. ಅಲ್ಲೊಬ್ಬ ಮೇಷ್ಟ್ರಿದ್ದಾನೆ. ಬ್ರೈಲ್ ಕಲಿಸುವುದರಲ್ಲಿ ಅವನಿಗೆ ಸಾಟಿಯಿಲ್ಲ. ಆದರೆ ಮಕ್ಕಳನ್ನು ಗದರುತ್ತಾನೆ, ನಮಗೆ ಎದುರು ಮಾತಾಡುತ್ತಾನೆ. ಕಳಿಸಿದರೆ ಮಕ್ಕಳ ಓದು ನಿಲ್ಲುತ್ತದೆ. ಇಟ್ಟುಕೊಂಡರೆ ಮಕ್ಕಳೇ ಶಾಲೆ ಬಿಡುತ್ತಾರೆ. ನಾಳೆ ಸಭೆಯಲ್ಲಿ ತೀರ್ಮಾನವಾಗಬೇಕು. ಸಂಬಳವಿಲ್ಲದೆ ದುಡಿಯುವ ನಮಗೆ ಯಾಕೆ ಬುದ್ಧಿ ಈ ಕರ್ಮ?"

"ಸಂಬಳವಿಲ್ಲ ಅಂತ ಎರಡು ಸಲ ಹೇಳಿದೆ, ಆಯಿತು, ಕೇಳಿಸಿತು. ಕೂತುಕೋ" ಎಂದು ಸ್ವಾಮಿಗಳು ಕತೆ ಹೇಳಿದರು.

ಒಂದೂರಿನಲ್ಲಿ ನಾಲ್ವರು ಸೇರಿ ದಾರಿಹೋಕರಿಗಾಗಿ ಛತ್ರ ಕಟ್ಟಿಸಿದರು. ಒಬ್ಬ ವ್ಯಾಪಾರಿ, ಒಬ್ಬ ವೈದ್ಯ, ಒಬ್ಬ ರೈತ, ಒಬ್ಬ ನೇಕಾರ. ಪುಣ್ಯದ ಕೆಲಸ, ನಾಲ್ವರಿಗೂ ಬಹಳ ಹೆಮ್ಮೆ. ಒಬ್ಬ ಅಡುಗೆಯವನನ್ನು ಇಟ್ಟರು. ಅವನ ಕೈಯಲ್ಲಿದ್ದ ರುಚಿ ಬಾಯಲ್ಲಿರಲಿಲ್ಲ. ಎರಡನೇ ಸಲ ಸಾರು ಕೇಳಿದವರಿಗೆ "ಇದೇನು ನಿಮ್ಮ ಮಾವನ ಮನೆಯೇ?" ಅನ್ನುತ್ತಿದ್ದ. ಒಂದು ದಿನ ತುಂಬು ಬಸುರಿಯೊಬ್ಬಳು ಆ ಮಾತು ಕೇಳಿ ಅರ್ಧ ಊಟಕ್ಕೇ ಎದ್ದು ಬಿಸಿಲಲ್ಲಿ ನಡೆದುಹೋದಳು.

ನಾಲ್ವರಿಗೂ ಇದು ಸರಿಯಲ್ಲ ಅನ್ನಿಸಿತು. ಆದರೆ ಪ್ರತಿಯೊಬ್ಬನೂ ಯೋಚಿಸಿದ್ದು ಒಂದೇ: ಪುಣ್ಯ ಮಾಡಲು ಬಂದವನು ನಾನು, ನಾನೇಕೆ ನಿಷ್ಠುರ ಕಟ್ಟಿಕೊಳ್ಳಲಿ?

ವ್ಯಾಪಾರಿ ಅಡುಗೆಮನೆಗೆ ಹೋದ. "ಅಲ್ಲಯ್ಯಾ, ವೈದ್ಯರಿಗೆ ನಿನ್ನ ಮೇಲೆ ಬೇಜಾರಂತೆ. ನನಗೇನಿಲ್ಲಪ್ಪ. ನನ್ನ ಹೆಸರು ಮಾತ್ರ ಹೇಳಬೇಡ" ಎಂದ. ಮರುದಿನ ವೈದ್ಯ ಬಂದು ರೈತನಿಗೆ ಬೇಜಾರು ಎಂದ. ರೈತ ಬಂದು ನೇಕಾರನ ಮೇಲೆ ಹಾಕಿದ. ನೇಕಾರ ವ್ಯಾಪಾರಿಯ ಮೇಲೆ ಹಾಕಿದ. ಹೀಗೆ ಬಂದ ನಾಲ್ವರೂ ಹೊಟ್ಟೆ ತುಂಬ ಉಂಡು, ಅಡುಗೆಯನ್ನು ಹೊಗಳಿ ಹೋದರು. ಅಯ್ಯೋ, ಎಂಥ ಒಳ್ಳೆಯವರು ನೋಡು!

ಅಡುಗೆಯವನು ಲೆಕ್ಕ ಹಾಕಿದ. ಇವರಿಗೆ ಇವರಲ್ಲೇ ಆಗಿಬರುವುದಿಲ್ಲ, ಸುಮ್ಮನೆ ನನ್ನನ್ನು ನಡುವೆ ಎಳೆಯುತ್ತಿದ್ದಾರೆ ಅಂದುಕೊಂಡ. ತನ್ನ ನಾಲಗೆಯ ಕಡೆಗೆ ಅವನ ಯೋಚನೆ ಹೋಗಲೇ ಇಲ್ಲ. ಅದು ಇನ್ನಷ್ಟು ಹರಿತವಾಯಿತು. ಛತ್ರಕ್ಕೆ ಬರುವವರು ಕಡಿಮೆಯಾದರು.

ಕೊನೆಗೆ ನಾಲ್ವರೂ ಸಭೆ ಸೇರಿ ಅವನನ್ನು ಕರೆಸಿದರು. ನಾಳೆಯಿಂದ ಬರಬೇಡ ಎಂದರು. ಅವನು ನಾಲ್ವರ ಮುಖವನ್ನೂ ನೋಡಿದ. "ಹೋಗ್ತೀನಿ ಸ್ವಾಮಿ. ನನ್ನ ಮೇಲೆ ಬೇಜಾರಾಗಿರೋರು ನಿಮ್ಮಲ್ಲಿ ಯಾರು ಅಂತ ಒಂದು ಮಾತು ಹೇಳಿ. ಅವರ ಹತ್ತಿರ ತಪ್ಪಾಯಿತು ಅಂತ ಕೇಳಿಕೊಂಡೇ ಹೋಗ್ತೀನಿ" ಎಂದ.

ನಾಲ್ವರೂ ನೆಲ ನೋಡಿದರು. ಅವನು ಹೆಗಲ ಮೇಲಿನ ಟವೆಲು ಕೊಡವಿ ಹೊರಟುಹೋದ. ಆಮೇಲೆ ಇನ್ನೊಬ್ಬ ಅಡುಗೆಯವನು ಬಂದ. ಅವನಿಗೂ ಒಂದು ತಪ್ಪಿತ್ತು, ಅವನಿಗೂ ಯಾರೂ ಹೇಳಲಿಲ್ಲ. ಮೂರನೆಯವನು ಹೋದ ಮೇಲೆ ಛತ್ರಕ್ಕೆ ಬೀಗ ಬಿತ್ತು. ದಾರಿಹೋಕರು ಈಗ ಹಸಿದೇ ಮುಂದಿನ ಊರಿಗೆ ನಡೆಯುತ್ತಾರೆ.

"ಕತೆ ಇಷ್ಟೇ" ಎಂದರು ಸ್ವಾಮಿಗಳು.

ಗುರುಮಲ್ಲಪ್ಪ ಕೇಳಿದ: "ಹಾಗಾದರೆ ಆ ಅಡುಗೆಯವನದು ತಪ್ಪೇ ಇರಲಿಲ್ಲವೇ, ಬುದ್ಧಿ?"

"ಇತ್ತಪ್ಪ, ಬೇಕಾದಷ್ಟಿತ್ತು. ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದನೋ ಇಲ್ಲವೋ, ಅದು ನನಗೂ ಗೊತ್ತಿಲ್ಲ. ಊರಿಗೆಲ್ಲ ಗೊತ್ತಿದ್ದ ಆ ತಪ್ಪನ್ನು ಅವನ ಮುಖಕ್ಕೆ ಹೇಳಿದವರೇ ಇರಲಿಲ್ಲ."

ಆಮೇಲೆ ಸ್ವಾಮಿಗಳು ಶಿಷ್ಯನನ್ನೇ ನೋಡುತ್ತ ಕೇಳಿದರು:

"ನನಗೆ ಹೇಳಲು ಎರಡು ಬಸ್ಸು ಬದಲಿಸಿ ಬಂದೆಯಲ್ಲ ಗುರುಮಲ್ಲಪ್ಪ, ಶಾಲೆಯಲ್ಲಿ ಆ ಮೇಷ್ಟ್ರ ಕೋಣೆ ನಿನ್ನ ಕುರ್ಚಿಯಿಂದ ಎಷ್ಟು ಹೆಜ್ಜೆ?"