ನಂಗು ಮೀನಿಗೆ ಹಾಕಿದ ಉಪ್ಪು

ಈ ಕತೆಯನ್ನು ನನಗೆ ಮೊದಲು ಹೇಳಿದವರು ಮಲ್ಪೆಯ ಮೀನು ಮಾರುವ ಅಪ್ಪಿಯಕ್ಕ. ಕತೆಯಲ್ಲಿ ಬರುವ ಗುರು ಯಾರು ಎಂದು ಕೇಳಿದ್ದಕ್ಕೆ, ನಿಮಗೆ ಕತೆ ಬೇಕೋ ವಿಳಾಸ ಬೇಕೋ ಎಂದರು. ನಾನು ಕತೆಯನ್ನೇ ಆರಿಸಿಕೊಂಡೆ.

ಶಿಷ್ಯನೊಬ್ಬ ಗುರುವನ್ನು ಕೇಳಿದ: "ನಮ್ಮ ಬೆಲೆಯನ್ನು ಬೇರೊಬ್ಬ ಕಟ್ಟುವಾಗ ಏನು ಮಾಡಬೇಕು?"

ಗುರು ಹೇಳಿದರು:

ಒಂದು ಕಡಲತಡಿಯಲ್ಲಿ ಹೆಂಗಸರು ಚಪ್ಪಟೆ ನಂಗು ಮೀನನ್ನು ಮಾರುತ್ತಿದ್ದರು. ಕೊಳ್ಳುವವನು ಒಬ್ಬನೇ ವ್ಯಾಪಾರಿ. ಅವನಿಗೆ ಮೀನನ್ನು ಹೆಪ್ಪುಗಟ್ಟಿಸುವ ಕೋಣೆಯಿತ್ತು. ಅಲ್ಲಿ ಇಟ್ಟ ಮೀನನ್ನು ದೂರದೇಶದ ಹಡಗಿಗೆ ಏರಿಸಿ ದುಪ್ಪಟ್ಟು ಬೆಲೆ ಪಡೆಯುತ್ತಿದ್ದ. ತಡಿಯಲ್ಲಿ ಮಾತ್ರ ಅವನು ಚೌಕಾಸಿ ಮಾಡುತ್ತಿರಲಿಲ್ಲ. ಬೆಲೆ ಹೇಳಿ, ಕೊಡೆ ಬಿಚ್ಚಿ, ಅದರಡಿ ಕುಳಿತುಬಿಡುತ್ತಿದ್ದ. ಬಿಸಿಲೇರಿದಂತೆ ಮೀನು ಮೆತ್ತಗಾಗುತ್ತಿತ್ತು. ಹೆಂಗಸರೂ ಮೆತ್ತಗಾಗುತ್ತಿದ್ದರು.

ಒಂದು ದಿನ ಅವನು ಕೊಡೆ ಬಿಚ್ಚಿದ ಕೂಡಲೇ ಒಬ್ಬ ಹೆಂಗಸು ಕತ್ತಿ ತೆಗೆದಳು. ತನ್ನ ಬುಟ್ಟಿಯ ನಂಗುಗಳನ್ನು ಒಂದೊಂದಾಗಿ ಸೀಳಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ಉಪ್ಪು ಸವರಿ, ಮರಳಿನ ಮೇಲೆ ಹಾಸಿದ ಚಾಪೆಗೆ ಹರವತೊಡಗಿದಳು. ಉಳಿದವರು, ಇವಳಿಗೆ ಇವತ್ತು ಮನೆಯಲ್ಲಿ ಅಕ್ಕಿ ಬೇಡವೇನೋ ಎಂದು ನಕ್ಕರು. ಮನೆಯಲ್ಲಿ ಅಕ್ಕಿ ನಿಜಕ್ಕೂ ಇರಲಿಲ್ಲ.

ವ್ಯಾಪಾರಿ ಹೇಳಿದ: "ಒಣಗಿದರೆ ಅದರಲ್ಲಿ ತೂಕ ಎಲ್ಲಿ ಉಳಿಯುತ್ತದೆ, ಮಾರಾಯ್ತಿ? ನಷ್ಟ ನಿನಗೇ."

"ಗೊತ್ತುಂಟು ಧಣಿ. ಆದರೆ ಈಗ ನನಗೆ ಅವಸರ ಇಲ್ಲ. ನೀವು ಕುಳಿತುಕೊಳ್ಳಿ, ಕೊಡೆ ಉಂಟಲ್ಲ."

ಮರುದಿನ ನಕ್ಕವರ ಸೆರಗಿನಲ್ಲೂ ಉಪ್ಪಿತ್ತು. ವ್ಯಾಪಾರಿಯ ಕೋಣೆ ಖಾಲಿ ತಟ್ಟೆಗಳನ್ನೇ ತಣ್ಣಗಿಡುತ್ತಾ ಗುಂಯ್‌ಗುಟ್ಟಿತು. ಹಡಗು ಹೊರಡುವ ಹೊತ್ತು ಹತ್ತಿರವಾಯಿತು. ಪೆಟ್ಟಿಗೆಗಳು ತುಂಬಲಿಲ್ಲ. ಕೊನೆಗೆ ಅವನು ಕೊಡೆಯಿಲ್ಲದೆ ಬಿಸಿಲಲ್ಲಿ ನಡೆದು ಬಂದು, ನಿಮ್ಮ ಬೆಲೆ ಎಷ್ಟು ಎಂದು ಕೇಳಿದ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಮೊದಲ ದಿನ ಅವಳು ಒಂದು ಬುಟ್ಟಿ ಕಳೆದುಕೊಂಡಳಲ್ಲವೇ?" ಎಂದ.

ಗುರು ಹೇಳಿದರು: "ಅದಕ್ಕೂ ಮುಂಚೆ ದಿನದಿನವೂ ಕಳೆದುಕೊಂಡ ಬುಟ್ಟಿಗಳ ಬಗ್ಗೆ ನೀನು ಕೇಳಲೇ ಇಲ್ಲ."

ಶಿಷ್ಯ ಸುಮ್ಮನಾದ.

ನೀವು ಸುಮ್ಮನಾಗಬೇಡಿ. ಬಿಸಿಲಲ್ಲಿ ಕುಳಿತವರು ಸಿಕ್ಕರೆ ಇದನ್ನು ಅವರಿಗೆ ಹೇಳಿ. ಕೊಡೆಯಡಿ ಕುಳಿತವರ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ ಹೇಳಿ.